ಐಸು ಸಾಕಾಯ್ತಾ

ಹದಿನೇಳು ವರ್ಷ ಮೀನು ಲಾರಿ ಓಡಿಸಿದವನು ನಾನು.
ಬೈತಖೋಲದ ಧಕ್ಕೆಯಲ್ಲಿ ಐಸು ಪುಡಿ ಮಾಡುವ ಯಂತ್ರದ ಸದ್ದು
ಇನ್ನೂ ದವಡೆಯಲ್ಲಿದೆ.
ಬಂಗಡೆಗೆ ಎಷ್ಟು, ಇಸ್ವಾಣಕ್ಕೆ ಎಷ್ಟು,
ಎಷ್ಟು ಹಾಕಿದರೆ ಸೆಟ್ಲಿಯ ತಲೆ ಕಪ್ಪಾಗುವುದಿಲ್ಲ,
ಕೈಯೇ ಹೇಳುತ್ತಿತ್ತು.

ಈಗ ಆಂಬುಲೆನ್ಸು.
ಇವತ್ತಿನ ಪೆಟ್ಟಿಗೆ ನೀಲಿ, ಚಿಕ್ಕದು,
ನನ್ನ ಹಳೆಯ ಥರ್ಮಾಕೋಲ್ ಪೆಟ್ಟಿಗೆಗೆ
ಓದಿ ಮುಂದೆ ಬಂದ ತಮ್ಮನ ಹಾಗೆ.
ಜೊತೆಗೆ ಮಂಗಳೂರಿನ ಡಾಕ್ಟರಮ್ಮ, ಎರಡು ದಿನದ ನಿದ್ದೆ ಬಾಕಿ.
"ಇನ್ನು ನಾಲ್ಕು ಹಿಡಿ ಐಸು ಹಾಕಲಾ?" ಕೇಳಿದೆ.
"ಬೇಡ ಅಣ್ಣಾ. ನಾಲ್ಕು ಡಿಗ್ರಿ. ಸೊನ್ನೆ ಅಲ್ಲ.
ಹೆಪ್ಪುಗಟ್ಟಿದರೆ ಮುಗಿಯಿತು."

ಐಸೂ ಸುಡುತ್ತದೆ ಅಂತ ನನಗೆ ಹೊಸದಾಗಿ ಹೇಳಬೇಕಾಗಿಲ್ಲ.
ನೇರ ತಾಗಿದ ಇಸ್ವಾಣದ ಚರ್ಮದ ಮೇಲೆ
ಬಿಳಿ ಬರೆ ನೋಡಿದ್ದೇನೆ.

ಬಿಣಗಾ ದಾಟುವಾಗ ಅವಳೇ ಮಾತು ತೆಗೆದಳು,
ನಿದ್ದೆ ಬಾರದಿರಲಿ ಎಂದು, ನನಗೋ ಅವಳಿಗೋ.
ರಕ್ತವನ್ನೆಲ್ಲ ತೊಳೆದು ತೆಗೆದಿದ್ದಾರಂತೆ.
ಕೆಂಗಪ್ಪಗಿದ್ದದ್ದು ಈಗ
ಹಾಲು ಜಾಸ್ತಿಯಾದ ಚಹಾದ ಬಣ್ಣ.
ಮೂರು ಚೀಲ, ಒಂದರೊಳಗೊಂದು.
ತೀರ ಒಳಗಿನದರಲ್ಲಿ ದ್ರಾವಣ:
ಜೀವಕೋಶ ನೀರು ಕುಡಿದು ಊದದಂತೆ
ಅದಕ್ಕೆ ತಿನ್ನಲಾಗದ ಒಂದು ಸಕ್ಕರೆ,
ಮತ್ತೆ, ಒಳಗೆ ಇರುವಂಥದೇ ಉಪ್ಪು, ಹೊರಗೂ.
"ಮನೆ ಬಿಟ್ಟದ್ದು ಅದಕ್ಕೆ ಗೊತ್ತಾಗಬಾರದು ನೋಡಿ."
ಹಸಿವು ನಿಂತಿಲ್ಲ, ನಿಧಾನವಾಗಿದೆ ಅಷ್ಟೆ.
ಎಂಟು ತಾಸು ಒಳ್ಳೆಯದು.
ಹನ್ನೆರಡರ ಮೇಲೆ ದೇವರ ಮೇಲೆ ಭಾರ.

ಯಾರದ್ದು ಅಂತ ಕೇಳಬಾರದು, ಹೇಳಬಾರದು. ನಿಯಮ.
ಕಾರವಾರ ಎಷ್ಟು ದೊಡ್ಡದು?
ಹಬ್ಬುವಾಡದ ತಿರುವಿನಲ್ಲಿ ಮಂಗಳವಾರ
ಬುಟ್ಟಿ ಮಗುಚಿ ರಸ್ತೆ ತುಂಬ ತಾರ್ಲೆ.
ಅವಳನ್ನು ಎತ್ತಿ ತಂದದ್ದು ಇದೇ ಗಾಡಿಯಲ್ಲಿ.
ಸ್ಕೂಟರಿನ ಹುಡುಗ ಅಳುತ್ತ ಹೇಳುತ್ತಿದ್ದ, ಬ್ರೇಕು ಹಿಡಿದೆ,
ಜಾರಿತು, ರಸ್ತೆ ಒದ್ದೆಯಿತ್ತು.
ಮಳೆಯಿರಲಿಲ್ಲ.
ಯಾವುದೋ ಮೀನು ಲಾರಿ ಸೋರಿಸಿಕೊಂಡು ಹೋದ ನೀರು.
ಹದಿನೇಳು ವರ್ಷ
ನಾನು ಎಷ್ಟು ತಿರುವು ಒದ್ದೆ ಮಾಡಿದ್ದೇನೋ.

ಆಗೆಲ್ಲ ಬೆಳಗ್ಗೆ ನನ್ನ ಪೆಟ್ಟಿಗೆ ತೆರೆದು
ಕಿವಿರು ಎತ್ತಿ ನೋಡಿ, ಹೆಬ್ಬೆರಳಲ್ಲಿ ಹೊಟ್ಟೆ ಒತ್ತಿ,
ಇಡೀ ಪೇಟೆಗೆ ಕೇಳುವಂತೆ ಕೂಗುತ್ತಿದ್ದಳು:
"ಐಸು ಸಾಕಾಯ್ತಾ ನಿನ್ಗೆ?
ಮೀನು ತಂದ್ಯೋ, ನೀರು ತಂದ್ಯೋ?"
ಮೀನು ಹೆಚ್ಚಿಕೊಟ್ಟು ಒಳಗಿನದನ್ನು ಬೆಕ್ಕಿಗೆ ಎಸೆಯುವಳು,
ನೋಡದೆ, ಹಿಂದಕ್ಕೆ, ಎಡಗೈಯಲ್ಲಿ.

ಮಟನ್ ಅಂಗಡಿಯ ಇಸ್ಮಾಯಿಲ್ ಇದಕ್ಕೆ ಕಲೀಜಾ ಅನ್ನುತ್ತಾನೆ.
ಅವಳ ಕೊಂಕಣಿಯಲ್ಲಿ ಕಾಳಿಜ ಅಂದರೆ ಹೃದಯ.
ಅರ್ಧ ಮೈಲಿ ಪೇಟೆಯಲ್ಲಿ
ಒಂದೇ ಮಾತು ಮೈಯೊಳಗೆ ಜಾಗ ಬದಲಿಸುತ್ತದೆ.

ಅಂಕೋಲೆ. ಮಿರ್ಜಾನ. ಕುಮಟೆಯಲ್ಲಿ ಪೊಲೀಸರು
ಕೈ ಬೀಸಿ ದಾರಿ ಬಿಟ್ಟರು.
ಹೊನ್ನಾವರದ ಸೇತುವೆಯ ಮೇಲೆ ಮುಂದೊಂದು ಲಾರಿ,
ಹಿಂಬದಿಯಿಂದ ತೊಟ್ಟು ತೊಟ್ಟು.
ಸೈರನ್ನಿಗೂ ಮೊದಲು ಮೂಗಿಗೆ ಗೊತ್ತಾಯಿತು.
ಹಾರ್ನು ಹೊಡೆಯಲಿಲ್ಲ,
ದೂರ ಬಿಟ್ಟು ನಿಧಾನ ದಾಟಿದೆ.
ಹಿಂದೆ ಡಾಕ್ಟರಮ್ಮ ಪೆಟ್ಟಿಗೆಯ ಮುಚ್ಚಳದ ಮೇಲೆ
ಕೈಯಿಟ್ಟು ನಿದ್ದೆ ಹೋಗಿದ್ದಳು,
ಪಕ್ಕದ ಸೀಟಿನ ಮಗುವನ್ನು ತಡೆದವರ ಹಾಗೆ.

ಮಂಗಳೂರಲ್ಲಿ ಗಾಜಿನ ಬಾಗಿಲು ತೆರೆಯಿತು, ಮುಚ್ಚಿತು.
ಹಳೆಯ ಚಾಳಿ, ಹಿಂದಿನ ಬಾಗಿಲು ತೆಗೆದು
ನೀರು ಬಸಿಯಲು ಬಗ್ಗಿದೆ.
ತಗಡು ಒಣಗಿತ್ತು.
ಒಂದು ಹನಿ ಇಲ್ಲ.

ಆಗ ಫೋನು. ಸಹಿ ಮಾಡಿದ ಮಗ, ಸುದೇಶ.
ನಂಬರು ಯಾರು ಕೊಟ್ಟರೋ.
ತುಂಬ ಹೊತ್ತು ಸುಮ್ಮನಿದ್ದ, ಉಸಿರು ಕೇಳುತ್ತಿತ್ತು,
ಅವನ ಹಿಂದೆ ಯಾರೋ ಕುರ್ಚಿ ಎಳೆಯುವ ಸದ್ದು.
ಆಮೇಲೆ ಕೇಳಿದ, ಅವಳದೇ ರಾಗದಲ್ಲಿ,
ಕೂಗದೆ:
"ಐಸು ಸಾಕಾಯ್ತಾ?"

ನಾನು ಹಾಕಿದ್ದಲ್ಲ.
ಸಾಕಾಯ್ತು ಅಂದೆ.