ನಾಕನೇ ಹಾಡು, ಎರಡನೇ ನಿಮಿಷ

ಬನಹಟ್ಟಿಯೊಳಗ ಪಿಸುಮಾತಿಲ್ಲ.
ಗುಟ್ಟು ಹೇಳಬೇಕಂದ್ರೂ ಒದರಿ ಹೇಳಬೇಕು.
ಓಣಿ ತುಂಬ ಮಗ್ಗ,
ಗೋಡಿಗೂ ಹಲ್ಲು ಕಡಿಯೋ ಚಟ.
ರ‍್ಯಾಪ್ ಅಂತ ಅದಕ್ಕೊಂದು ಹೆಸರೈತಿ ಅಂತ
ಗೊತ್ತಾಗೋಕಿಂತ ಮದಲ
ನಾವು ಮೂರೂ ಮಂದಿ ಒದರತಿದ್ವಿ.

ದಸ್ತಗೀರ ಮೋಮಿನ, ಸುಗಲಾ, ನಾನು.
ತಂಡದ ಹೆಸರು ಮೂರು ಕಂಡಿಕಿ.
ಹದಿನಾರು ವರ್ಷ, ನಾಕು ಆಲ್ಬಮ್,
ಸೊಲ್ಲಾಪುರದಾಗ ಒಮ್ಮೆ ಸ್ಟೇಜ್ ಮುರದಿದ್ದು
(ನಮ್ಮ ಜೋರಿಗಲ್ಲ, ಹಲಗಿ ಗೆದ್ದಲ ಹಿಡದಿತ್ತು).
ಪೇಪರಿನವ್ರು ಬರದ್ರು:
ಇದು ಹರದೇಶಿ ನಾಗೇಶಿಯ ಮೊಮ್ಮಗು.
ಇರಬಹುದು. ನಾವು ಹೋಗಿ ಅದನ್ನ ಕೇಳಿದ್ದು
ಪೇಪರಿನಾಗ ಓದಿದ ಮ್ಯಾಲೇನ.
ನಮಗ ಕಲಿಸಿದ್ದು ಲಾಳಿ:
ಎಡಕ್ಕ ಹೋಗು, ಬಲಕ್ಕ ಬಾ,
ನಡುವ ಉಸುರು ತಗೊಳ್ಳಾಕ ಜಾಗ ಇಲ್ಲ.

ಐದನೇದಕ್ಕ ಕಂಪನಿ ರೊಕ್ಕ ಕೊಟ್ಟಿತು.
ಬೆಳಗಾವಿಯೊಳಗ ಖರೇ ಖರೇ ಸ್ಟುಡಿಯೋ,
ಟಿಳಕವಾಡಿ, ಮೂರನೇ ಮಜಲಿ,
ಗೋಡಿಗೆಲ್ಲ ಕರೇ ಸ್ಪಂಜು,
ಬಾಗಲಾ ಹಾಕಿದ್ರ ಕಿವಿಗೆ ಹತ್ತಿ ತುರುಕಿದಂಗ.
ಟೇಕ್ ಒಂದು. ಸುಗಲಾ ತಪ್ಪಿದ್ಲು.
ಟೇಕ್ ಎರಡು. ನಾ.
ಒಂಬತ್ತರ ಮ್ಯಾಲೆ ಇಂಜಿನಿಯರ್ ಹುಡುಗ
ಚಾ ಹೇಳಿ ಬರ್ತೀನಿ ಅಂತ ಎದ್ದ.
ನಲವತ್ತರ ಹತ್ತಿರದ ಮೂರು ಮಂದಿ
ಎಣ್ಣಿ ಚೆಲ್ಲಿದ ಫರಸಿ ಮ್ಯಾಲೆ
ಕಾಲು ಊರಾಕ ಅಂಜಿದಂಗ ನಿಂತಿದ್ವಿ.

ಆ ಕೋಣ್ಯಾಗ ಮದಲ ಸಲ ಕೇಳಿದೆ,
ದಸ್ತಗೀರ ಉಸುರಾಡೋದು.
ಒಂದ ಮೈಕಿನ ಮುಂದ ಇಷ್ಟು ವರ್ಷ ನಿಂತು
ಎಂದೂ ಕೇಳಿದ್ದಿಲ್ಲ:
ಒಳಗ ಯಾರೋ ನೂಲಿನ ಧೂಳು ಗುಡಸ್ತಾರ,
ಸಾಲಿನ ಕೊನೀಗೆ ಒಂದು ಸಣ್ಣ ಸಿಳ್ಳು.
ಏನಲೇ ಅದು, ಅಂದೆ.
ಅಪ್ಪನ ಆಸ್ತಿ, ಅಂದ, ನಕ್ಕ.

ಕಡೀಕ ಸುಗಲಾನ ಗಂಡ
ತಮ್ಮ ಮಗ್ಗದ ಸದ್ದು ಫೋನಿನಾಗ ತುಂಬಿ ಕಳಿಸಿದ.
ಅದನ್ನ ಹೆಡ್‌ಫೋನಿಗೆ ಹಾಕ್ಕೊಂಡ ಮ್ಯಾಲೆ
ಹನ್ನೊಂದು ಹಾಡು, ಎರಡ ದಿವಸ.
ನಾಕನೇದರ ನಡುವ ದಸ್ತಗೀರ ಕೆಮ್ಮಿದ,
ನಿಲ್ಲಲಿಲ್ಲ, ಮುಂದಿನ ಸಾಲು ಹಿಡದ.

ಊರಿಗೆ ಬಂದು ಮಿಕ್ಸಿಂಗಿಗೆ ನಾನ ಕುಂತೆ.
ರಾತ್ರಿ ಕರೆಂಟ್ ಹೋದ್ರ ಓಣಿ ಸುಮ್ಮನಾಗತೈತಿ,
ಇನ್ವರ್ಟರಿನ ಇಪ್ಪತ್ತು ನಿಮಿಷದಾಗ
ಸಣ್ಣ ಸದ್ದೆಲ್ಲಾ ಹುಡುಕಬೇಕು.
ಕೆಮ್ಮು ಕತ್ತರಿಸಿದೆ, ಉಗುರಿನಷ್ಟು.
ಅಂಚಿಗೆ ಅಂಚು ಕೂಡಿಸಿ
ಯಾರಿಗೂ ತಿಳೀದಂಗ ಹೊಲದೆ.
ಕತ್ತರಿಸಿದ್ದಕ್ಕ ಹೆಸರು ಕೊಟ್ಟೆ: ಬ್ಯಾಡಾದ್ದು ಮೂರು.
ಒಗೀಲಿಲ್ಲ. ಯಾಕೋ ಒಗೀಲಿಲ್ಲ.

ಅವರವ್ವ ಜೈತೂನಬಿಗೆ ಕಿವಿ ಹೋಗಿ
ಎಂಟು ವರ್ಷಾತು. ಮಗ್ಗ ತಿಂದ ಕಿವಿ.
ಹಾಡು ಹಚ್ಚಿದ್ರ ಸ್ಪೀಕರಿನ ಮ್ಯಾಲೆ ಅಂಗೈ ಇಡ್ತಾಳ,
ಕಣ್ಣು ಮುಚ್ಚತಾಳ,
ಸೀರಿ ದಡಿ ನೋಡಿದಂಗ ಬೆರಳು ಸರಸತಾಳ.
ಮೂರು ಹಾಡಿಗೆ ತಲಿ ತೂಗಿದ್ಲು.
ನಾಕನೇದ್ರಾಗ ಕೈ ತಗದ್ಲು.
ಇಲ್ಲೆ ಎಳಿ ಹರದೈತಿ, ಅಂದ್ಲು.
ಹೊಳ್ಳಿ ಹಚ್ಚಿದೆ. ಹೊಳ್ಳಿ ಅಲ್ಲೇ.
ಗಂಟು ಹಾಕೋ ತಮ್ಮಾ,
ಅಂದ್ಲು, ಓಣಿಗೆ ಕೇಳೋ ಹಂಗ,
ಗಂಟು ಕಂಡ್ರ ಕಾಣವಲ್ದ್ಯಾಕ, ಬಟ್ಟಿ ಪಿಸೀಬಾರ್ದು.

ದಸ್ತಗೀರ ಬಾಗಲದಾಗ ನಿಂತು
ಚಪ್ಪಲಿ ನೋಡಕೋತ ಇದ್ದ.
ಬ್ಯಾಡಾದ್ದು ಮೂರನ್ನ ತಗದು
ಅದರ ಜಾಗಾಕ್ಕ ಇಟ್ಟೆ.
ಕಂಪನಿಯವ್ರು ಫೋನ್ ಮಾಡಿದ್ರು, ಫೈಲಿನಾಗ ಏನೋ ದೋಷ ಐತಿ.
ಇರ್ಲಿ ಬಿಡ್ರಿ, ಅಂದೆ.

ಮೊನ್ನೆ ಮಾಲಿಂಗಪುರದ ಬಸ್ಸಿನಾಗ
ಕಾಲೇಜಿನ ಇಬ್ರು ಹುಡುಗ್ರು,
ಒಂದ ಇಯರ್‌ಫೋನು, ಕಿವಿಗೊಂದೊಂದು ಹಂಚ್ಕೊಂಡು
ಸೀಟಿನ ರಾಡಿಗೆ ಬೆರಳು ಬಡಕೋತ
ಒದರತಿದ್ರು. ನಾ ಹಿಂದಿನ ಸೀಟಿನಾಗ
ಟೊಪಗಿ ಮುಂದಕ ಎಳಕೊಂಡೆ.
ಎರಡನೇ ನಿಮಿಷಕ್ಕ ಬಂದು
ಇಬ್ರೂ ಕೂಡೇ, ತಾಳ ತಪ್ಪದ,
ಕೆಮ್ಮಿದ್ರು.
ಕಂಡಕ್ಟರ್ ಹೊಳ್ಳಿ ನೋಡಿ
ತನ್ನ ನೀರಿನ ಬಾಟ್ಲಿ ಮುಂದ ಹಿಡದ.