ಗೋಡೆ ಕಡೆ ಮುಖ

"ಇಪ್ಪತ್ತು ನಿಮಿಷ ನಡೀತೈತೆ, ಆಮೇಲೆ ಜೀವ ಬಿಡ್ತೈತೆ"
ಅಂತ ಹೊನ್ನೂರ್‌ಬೀ ಫೋನು.
ಹೊತ್ತು ಹನ್ನೊಂದೂವರೆ. ಕೌಲ್ ಬಜಾರಿನ ಓಣಿಯಲ್ಲಿ
ಸೈಕಲ್ಲಿನ ಸೀಟು ಮುಟ್ಟಿದರೆ ಕೈ ಸುಡುವ ಬಿಸಿಲು.

ಮೂರು ಮೆಷಿನ್ನು, ಮೂವರು ಹೆಂಗಸರು,
ನಡುವೆ ಗುಡ್ಡೆಬಿದ್ದ ಪ್ಯಾಂಟಿನ ಕಾಲುಗಳು, ಇನ್ನೂ ಸೊಂಟ ಸಿಗದವು.
ಮೂಲೆಯ ಸ್ಟೂಲಿನ ಮೇಲೆ ಕಂಪ್ಯೂಟರು.
ಅದಕ್ಕೂ ಜೀನ್ಸಿನದೇ ಒಂದು ಅಂಗಿ ಹೊಲಿದಿದ್ದಾಳೆ,
ಎರಡು ಜೇಬು, ಒಂದರಲ್ಲಿ ಮೌಸು.
ಮೊದಲು ಅಂಗಿ ಬಿಚ್ರಿ, ಅಂದೆ.
ಬಳ್ಳಾರಿಯಲ್ಲಿ ನಮಗೇ ಮೈಮೇಲೆ ಬಟ್ಟೆ ಭಾರ.

ಎರಡು ಸ್ಕ್ರೂ. ಪಕ್ಕದ ತಗಡು ಸರಿಸಿದೆ.
ಒಳಗೆ ಧೂಳಿರಲಿಲ್ಲ,
ಬಟ್ಟೆಯಿತ್ತು.
ಫ್ಯಾನಿನ ಕೆಳಗೆ, ಅಲ್ಯೂಮಿನಿಯಮ್ಮಿನ ಹಲ್ಲುಗಳ ಮೇಲೆ
ಹಾರಿ ಬಂದ ನೀಲಿ ನೂಲಿನ ಹೊಟ್ಟು ವರ್ಷಗಟ್ಟಲೆ ಒತ್ತಿ ಕೂತು
ನೇಯ್ದದ್ದೇ ಅನ್ನುವಷ್ಟು ದಪ್ಪ.
ಚಿಮಟದಲ್ಲಿ ಎಳೆದರೆ ಹರಿಯದೆ ಬಂತು, ಅಂಗೈಯಗಲ.
ಮೆಷಿನ್ನಿನವಳೊಬ್ಬಳು ಮುಟ್ಟಿ ನೋಡಿ
"ಹದಿನಾಲ್ಕು ಔನ್ಸಿಂದು" ಅಂದಳು.

ತೋರಣಗಲ್ಲಿಂದ ಬರುವ ಪೆಟ್ಟಿಗೆ ತೆರೆದರೆ ಕುಂಕುಮದ ಬಟ್ಟಲು.
ಗಿರಣಿಯವರದರಲ್ಲಿ ತೌಡು.
ಕುರುಗೋಡಿನ ಮೆಣಸಿನಕಾಯಿ ಸಾಹುಕಾರನ ಸಿಪಿಯು ಬಿಚ್ಚಿ
ಅರ್ಧ ದಿನ ಸೀನಿದ್ದೇನೆ.
ಮನೆಯ ಕಸುಬು ಯಾವುದೆಂದು ಯಜಮಾನರು ಹೇಳುವ ಮೊದಲೇ
ಫ್ಯಾನು ಹೇಳಿರುತ್ತದೆ.

ರೆಕ್ಕೆಯನ್ನು ಬೆರಳಲ್ಲಿ ಹಿಡಿದು ಬ್ರಷ್ಷಾಡಿಸಬೇಕು,
ಗಾಳಿ ಹೊಡೆಯುವಾಗ ಅದನ್ನು ಬುಗುರಿಯಂತೆ ಆಡಬಿಡಬಾರದು.
ಹಳೇ ಪೇಸ್ಟು ಸುಣ್ಣವಾಗಿತ್ತು, ಒರೆಸಿ
ಹೊಸದು ಕಡಲೆಕಾಳಿನಷ್ಟು. ಹೆಚ್ಚು ಬೇಡ, ಇದು ಚಪಾತಿಗೆ ತುಪ್ಪವಲ್ಲ.
ಗೋಡೆಯಿಂದ ಒಂದು ಗೇಣು ದೂರ ಸ್ಟೂಲು.

ಗುಂಡಿ ಒತ್ತಿದೆ. ಪಾಸ್‌ವರ್ಡ್ ಕೇಳಿತು.
"ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು, ಮೂವತ್ನಾಕು!"
ಮೂವರೂ ಒಟ್ಟಿಗೆ, ಹೊಲಿಗೆ ನಿಲ್ಲಿಸದೆ.
ಅಯ್ಯೋ, ಸೊಂಟದ ಅಳತೆ ಈ ಓಣಿಯ ಕೂಸಿಗೂ ಬಾಯಿಪಾಠ.
ಬ್ಯಾರೆ ಇಡ್ರಿ. ಯಾರಿಗೂ ಹೇಳದ ಒಂದು ಮಾತು
ಇದ್ದೇ ಇರತೈತಲ್ಲ ಎಲ್ಲರ ಹತ್ರ,
ಅದನ್ನ ಇಡ್ರಿ, ಉದ್ದಕ್ಕ.

ಹೊನ್ನೂರ್‌ಬೀ ಹಲ್ಲಲ್ಲಿ ಕಚ್ಚಿದ್ದ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು.
ಬಹಳ ಹೊತ್ತು ಸುಮ್ಮನಿದ್ದಳು,
ಎಷ್ಟಿದ್ದವೋ ಆರಿಸಲು.
ಆಮೇಲೆ: "ಗಾದಿಲಿಂಗಣ್ಣ, ನೀನು ಆ ಕಡೆ ತಿರುಗು."

ತಿರುಗಿದೆ. ಗೋಡೆಯಲ್ಲಿ ಒಂದು ಮೊಳೆ,
ಮೊಳೆಗೆ ಕತ್ತರಿ, ಕತ್ತರಿಯ ನೆರಳು.
ಮೆಷಿನ್ನುಗಳೂ ನಿಂತವು.
ಹಿಂದೆ ಒಂದೇ ಬೆರಳು: ಟಕ್. ತಡೆದು, ಟಕ್.
ನಡುವೆ ಒಮ್ಮೆ ನಕ್ಕಳು, ತನಗೆ ಮಾತ್ರ ಕೇಳುವಷ್ಟು.
ಇಪ್ಪತ್ತಾರರವರೆಗೆ ಎಣಿಸಿದೆ. ಎಣಿಸಬಾರದಿತ್ತು.

ಮಂದಿಯ ಡಿಸ್ಕಿನೊಳಗೆ ಎಷ್ಟೋ ಕಂಡು, ಕಾಣದವನಂತೆ ಎದ್ದು ಬಂದಿದ್ದೇನೆ.
ಕೇಳಬೇಕೆನಿಸಿದ್ದು ಆ ನಗು ಒಂದೇ.

ನಾನೂರಕ್ಕೆ ಮುನ್ನೂರು ಕೊಟ್ಟು, ಮೇಲೊಂದು ಸೆಕೆಂಡ್ಸ್ ಪ್ಯಾಂಟು.
ಎಡಜೇಬು ಚೂರು ಓರೆ. ಬ್ರಷ್ಷು ಸರಿಯಾಗಿ ಕೂರುತ್ತದೆ.

ತಿಂಗಳಾದ ಮೇಲೆ ಮತ್ತೆ ಅವಳ ಫೋನು.
ಯಾರೋ ಕಂಪನಿಯವನಂತೆ, ಬಹಳ ಮರ್ಯಾದೆಯ ದನಿಯಂತೆ:
ಮೇಡಂ, ನಿಮ್ಮ ಸಿಸ್ಟಮ್ಮಿಗೆ ವೈರಸ್ಸು, ಪಾಸ್‌ವರ್ಡ್ ಹೇಳಿದರೆ
ಇಲ್ಲಿಂದಲೇ ತೆಗೆಯುತ್ತೇವೆ.
"ನಾನಂದೆ, ಹೊಟ್ಟೆಯೊಳಗ ಕೈ ಹಾಕಿ ರಿಪೇರಿ ಮಾಡಿದವನೇ
ಗೋಡೆ ಕಡೆ ಮುಖ ಮಾಡಿದ.
ನೀನ್ಯಾವನಪ್ಪ, ಮುಖಾನೇ ಇಲ್ಲದವ?"

ಸ್ವಲ್ಪ ತಡೆದು, ದನಿ ಇಳಿಸಿ:
"ಅಣ್ಣ, ನಡುವೆ ಒಂದು ಅಕ್ಷರ ಮರ್ತೀನಿ. ಹೇಳ್ಲಾ?"
ಹೇಳಬ್ಯಾಡ್ರಿ. ಹೊಡದು ನೋಡ್ರಿ, ಬೆರಳಿಗೆ ನೆನಪಿರತೈತಿ.

ಅಂಗಡಿಯಲ್ಲಿ ಒಬ್ಬನೇ ಇದ್ದೆ.
ಆದರೂ ಫೋನು ಕಿವಿಗಿಟ್ಟುಕೊಂಡೇ ಗೋಡೆ ಕಡೆ ತಿರುಗಿದೆ.
ಟಕ್. ತಡೆದು, ಟಕ್.
ಈ ಸಲ ಎಣಿಸಲಿಲ್ಲ ಅಂದರೆ
ಸುಳ್ಳಾಗುತ್ತದೆ.