ನಾದಿನಿ ಮನೆಯ ತಂತಿ

ಲಾಗ್ ಕಾಗದದ ಮೇಲೆ ಚುಕ್ಕೆಗಳು
ಇಳಿಜಾರು ಹಿಡಿದು ನೆಟ್ಟಗೆ ಇಳಿದವು.
ನೆಂಟರಿದ್ದವನ ಮನೆಗೇ ಇನ್ನಷ್ಟು ನೆಂಟರು,
ಸೂತ್ರ ಇಷ್ಟೇ. ಬೆಳಗಿನ ಜಾವ ಮೂರಕ್ಕೆ
ಇಂಟರ್‌ನೆಟ್ಟಿನ ಎಲುಬು ಕಂಡೇಬಿಟ್ಟೆ ಅಂದುಕೊಂಡೆ.

ಅದೇ ಸೂತ್ರ ಹೇಳಿತ್ತು:
ದೊಡ್ಡ ಗಂಟು ಕಡಿ, ಬಡಾವಣೆಯೇ ಕತ್ತಲು.

ಮಂಗಳವಾರ ಲಗ್ಗೆರೆಯಲ್ಲಿ ಕಡಿಯಿತು.
ಚರಂಡಿ ತೋಡುವ ಜೆಸಿಬಿ,
ಹಲ್ಲಿಗೆ ಸಿಕ್ಕಿದ ಕಿತ್ತಳೆ ಕೊಳವೆ.
ಆಟೋ ಹಿಡಿದು ಓಡಿದೆ, ನನ್ನ ಕತ್ತಲು ನೋಡಲು.

ಎಲ್ಲಿಯ ಕತ್ತಲು!
ಮೂರನೇ ಅಡ್ಡರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ
ಯಾರದೋ ಪಹಣಿ ಇಳಿಯುತ್ತಿತ್ತು,
ಒಂದೊಂದೇ ಪುಟ.

ಕಂಬದ ಮೇಲಿಂದ ಆರೋಗ್ಯಸ್ವಾಮಿ ಕೂಗಿದ:
"ನಾದಿನಿ ಮನೆ ತಾರಸಿಗೆ ಒಂದು ಎಕ್ಸ್‌ಟ್ರಾ ಎಳೆದಿದ್ದೆ ಸರ್.
ಅವಳ ಸೀರಿಯಲ್ ನಿಂತ್ರೆ ನಮ್ಮನೇಲಿ ಊಟ ನಿಲ್ಲುತ್ತೆ.
ಎಲ್ಲಾ ಆ ಕಡೆಯಿಂದ ಸುತ್ತಿ ಬರ್ತಿದೆ."

ರಾತ್ರಿ ಆ ಒಂದು ಗೆರೆ ಸೇರಿಸಿ ಮತ್ತೆ ಲೆಕ್ಕ ಹಾಕಿದೆ.
ಇಳಿಜಾರು ಅದೇ.
ದಶಾಂಶದ ಎರಡನೇ ಅಂಕಿಯೂ ಕದಲಲಿಲ್ಲ.

ಎಷ್ಟು ನೆಂಟರು ಅಂತ ಎಣಿಸಿದ್ದೆ,
ಯಾರು ಯಾರ ನೆಂಟರು ಅಂತ ಕೇಳಿರಲಿಲ್ಲ.
ಈಗ ಗೆರೆಯ ಪಕ್ಕ ಬರೆಯೋಣವೆಂದರೆ
ಆ ನಾದಿನಿಯ ಹೆಸರೂ ಗೊತ್ತಿಲ್ಲ.